ಗುಬ್ಬಿಯಲ್ಲಿ ಮತ್ತೆ ರಾಣಿಯ ಪಾತ್ರ

ಹಾರ್ಮೋನಿಯಂ ಮೇಷ್ಟ್ರು ಹಿಂದಿನ ದಿನ ಫೋನ್ ಮಾಡಿ, 'ಬೇರೆ ಯಾರೋ ಸಿಕ್ಕವ್ರೆ ಕಣವ್ವ, ನೀನ್ ಬರೋದ್ ಬ್ಯಾಡ' ಅನ್ನಬಹುದಿತ್ತು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಗುರುತು ಹಿಡಿದು ಪಕ್ಕದವರನ್ನು ಮೊಣಕೈಯಲ್ಲಿ ತಿವಿಯಬಹುದಿತ್ತು. ಪರದೆ ಎದ್ದೊಡನೆ ಸಿಳ್ಳೆ ಬೀಳಬಹುದಿತ್ತು. ಗಂಟಲು ಕಟ್ಟಬಹುದಿತ್ತು, ಕಿರೀಟ ಜಾರಬಹುದಿತ್ತು, ರಂಗಮಂದಿರದ ಸೂರೇ ಕುಸಿಯಬಹುದಿತ್ತು. ಬಸ್ಸು ಗುಬ್ಬಿ ತಲುಪುವಷ್ಟರಲ್ಲಿ ಇಷ್ಟನ್ನೂ ಅನುಭವಿಸಿ ಮುಗಿಸಿದ್ದೆ. ಆತಂಕಪಡುವುದಕ್ಕೆ ನನಗೆ ರಿಹರ್ಸಲ್ ಬೇಕಾಗುವುದಿಲ್ಲ.

ನಮ್ಮ ಕಡೆ ಪೌರಾಣಿಕ ನಾಟಕ ಆಡುವವರು ಊರಿನ ಗಂಡಸರು. ಹೆಣ್ಣು ಪಾತ್ರಕ್ಕೆ ಮಾತ್ರ ತುಮಕೂರಿನಿಂದ ನನ್ನಂಥವರನ್ನು ಕರೆಸುತ್ತಾರೆ. ನಾಟಕದ ನಡುವೆಯೇ ಮೆಚ್ಚಿದವರು ರಂಗಕ್ಕೇರಿ ಹಾರ ಹಾಕುವುದುಂಟು. ಹಾಕಿಸಿಕೊಂಡವರು ಅದನ್ನು ತೆಗೆದು ಹಾಕಿದವರ ಕೊರಳಿಗೇ ತಿರುಗಿ ಹಾಕುವುದು ಮರ್ಯಾದೆ. ಕುಣಿಗಲ್‌ನಲ್ಲಿ ಒಬ್ಬ ದೊಡ್ಡ ಮನುಷ್ಯರಿಗೆ ನಾನು ತೋರಿಸಿದ್ದು ಆ ಮರ್ಯಾದೆಯನ್ನೇ. ಯಾರೋ ಫೋಟೋ ತೆಗೆದರು. ಬೆಳಗಾಗುವಷ್ಟರಲ್ಲಿ ವಾಟ್ಸಾಪಿನಲ್ಲಿ ನಮ್ಮಿಬ್ಬರ ಮದುವೆ ಮುಗಿದಿತ್ತು. ಅವರಿಗೆ ಮನೆಯಲ್ಲಿ ಹೆಂಡತಿ ಇದ್ದರು, ನನಗೆ ಬಿ.ಪಿ. ಇತ್ತು. ಅವರು ಮುಂದಿನ ವರ್ಷವೂ ಹಾರ ಹಿಡಿದು ರಂಗಕ್ಕೇರಿದರಂತೆ. ನನ್ನನ್ನು ಎರಡು ವರ್ಷ ಯಾರೂ ಕರೆಯಲಿಲ್ಲ.

ಕೊನೆಗೆ ಕರೆದದ್ದು ನಿಟ್ಟೂರಿನ ತಂಡ, ಗುಬ್ಬಿಯ ರಂಗಮಂದಿರದಲ್ಲಿ ಆಡುವ ನಾಟಕಕ್ಕೆ. ಫೋನ್ ಮಾಡಿದ್ದು ಅವರಿಗೆ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು.

"ನಾನು ಅಂತ ಊರವರಿಗೆ ಗೊತ್ತಾ ಮೇಷ್ಟ್ರೇ?"

"ಗೊತ್ತಿಲ್ದೆ ಏನವ್ವಾ! ನೀನ್ ಬತ್ತೀಯ ಅಂತ್ಲೇ ಕುರ್ಚಿ ಎಕ್ಸ್‌ಟ್ರಾ ಹಾಕುಸ್ತಾವ್ರೆ. ಸುಮ್ನೆ ಬಾ."

ಈ ನಾಟಕ ದಾಟಿದರೆ ಮಿಕ್ಕ ಊರುಗಳೂ ಕರೆಯುತ್ತವೆ, ಇಲ್ಲದಿದ್ದರೆ ಬಣ್ಣದ ಪೆಟ್ಟಿಗೆ ಅಟ್ಟಕ್ಕೆ. ಇದು ನನಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು.

ಮೊದಲ ಹಾಡಿಗೇ ಒನ್ಸ್ ಮೋರ್ ಬಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ಹಾಡಿನ ಬಗ್ಗೆ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಅನುಮಾನವೇನಿದ್ದರೂ ಹಾಡು ಮುಗಿದ ಮೇಲಿನ ಪ್ರಪಂಚದ ಬಗ್ಗೆ.

ಆಮೇಲೆ ತುಂಬಿದ ಸಭೆಯಲ್ಲಿ ರಾಣಿಯ ಸೀರೆ ಸೆಳೆಯುವ ದೃಶ್ಯ. ಸೆಳೆಯಬೇಕಾದವರು ನಿಟ್ಟೂರಿನಲ್ಲಿ ಬೈಕ್ ಗ್ಯಾರೇಜ್ ಇಟ್ಟವರು. ಅವರ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಮೀಸೆ ತಿರುವಿ ಗರ್ಜಿಸಿಕೊಂಡು ಬಂದ ಮನುಷ್ಯ, ಪಾಪ, ನನ್ನ ಸೆರಗನ್ನು ಎರಡೇ ಬೆರಳಲ್ಲಿ ಹಿಡಿದು, ಕಣ್ಣನ್ನು ಹೆಂಡತಿಯ ಮೇಲಿಟ್ಟು ನಿಂತೇಬಿಟ್ಟರು. ನಾನು ಎರಡೂ ಕೈ ಮೇಲೆತ್ತಿ ಕಾದೆ. ಊಹೂಂ. ತುಟಿ ಅಲುಗಿಸದೆ, "ಎಳೀರಿ ಸ್ವಾಮಿ" ಎಂದೆ. ತಲೆಯ ಮೇಲೆ ತೂಗುಬಿಟ್ಟಿದ್ದ ಮೈಕು ಅದನ್ನು ಇಡೀ ರಂಗಮಂದಿರಕ್ಕೆ ಕೇಳಿಸಿತು.

ಮುಂದಿನ ಸಾಲಿನಿಂದ ಅವರ ಹೆಂಡತಿ ಎದ್ದು ನಿಂತರು.

"ಎಳೀರೀ! ಆಯಮ್ಮ ಎಷ್ಟೊತ್ತು ಅಂತ ಕೈ ಎತ್ಕೊಂಡ್ ನಿಂತಿರ್ಬೇಕು? ನಾನೇನೂ ಅನ್ಕಳಾಕಿಲ್ಲ, ಎಳೀರಿ!"

ಹೆಂಗಸರ ಸಾಲುಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಹಿಂದಿನಿಂದ ಕುಣಿಗಲ್ ಕಡೆಯ ಒಬ್ಬಾಕೆ, "ಯವ್ವಾ, ನಮ್ಮ ಹುತ್ರಿದುರ್ಗಕ್ಕೂ ಒಂದ್ಸಲ ಬಾರವ್ವಾ!" ಎಂದು ಕೂಗಿದರು. ಗ್ಯಾರೇಜಿನವರು ಕಣ್ಣು ಮುಚ್ಚಿಕೊಂಡು ಎಳೆಯತೊಡಗಿದರು. ನಾನೀಗ ಗಿರಗಿರ ತಿರುಗುತ್ತ ದೇವರನ್ನು ಕೂಗಬೇಕಿತ್ತು. ಬಾಯಿ ತೆರೆದೆ. ಮಾನ ಕಾಪಾಡೆಂದು ಮೊರೆಯಿಡಬೇಕಾದ ಹೊತ್ತಿನಲ್ಲಿ ರಾಣಿ ಕಿಸಕ್ಕನೆ ನಕ್ಕುಬಿಟ್ಟಳು.