ಬೆತ್ತದ ಕಡ್ಡಿ, ಪೆಟ್ರೋಲಿನ ಮುಳ್ಳು

ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ಶಿವಲಿಂಗವ್ವ ಕೈಚೀಲವನ್ನು ತೊಡೆಯಿಂದ ಕೆಳಗಿಡಲಿಲ್ಲ. ಚೀಲದಲ್ಲಿ ರೊಟ್ಟಿಯ ಗಂಟು, ಅದರ ಕೆಳಗೆ ಒಂದು ಮೊಳದ ಬೆತ್ತದ ಕಡ್ಡಿ. ಈ ಕಡ್ಡಿಯ ಮಾತನ್ನು ಇವತ್ತು ಗಾಡಿ ರಿಪೇರಿಯ ಮಿಸ್ತ್ರಿ ಸನಾಉಲ್ಲಾನ ಮುಂದೆ ಆಡಿಯೇ ಬಿಡಬೇಕು ಅಂದುಕೊಂಡಿದ್ದಳು. ಎರಡು ವರ್ಷದಿಂದ ಹೀಗೇ ಅಂದುಕೊಳ್ಳುತ್ತಿದ್ದಳು.

ಅವಳ ಗಂಡ ಈರಯ್ಯ ಖಾನಾಪುರದಲ್ಲಿ ಮೂವತ್ತು ವರ್ಷ ಬಾಡಿಗೆ ಗಾಡಿ ಓಡಿಸಿದವನು. ಬಿಳಿ ಅಂಬಾಸಿಡರ್. ಅದರಲ್ಲಿ ಬಾಣಂತಿಯರು ತವರಿಗೆ ಹೋದರು, ಮದುಮಕ್ಕಳು ಮಂಟಪಕ್ಕೆ ಹೋದರು, ಒಂದು ಸಲ ಯಾರದೋ ಆಕಳ ಕರುವೂ ಹೋಯಿತು. ಗಾಡಿ ಕೊಂಡ ನಾಲ್ಕನೇ ವರ್ಷಕ್ಕೇ ಪೆಟ್ರೋಲ್ ಮೀಟರಿನ ಮುಳ್ಳು ಸತ್ತು ಮಲಗಿತ್ತು. ಈರಯ್ಯ ತಲೆ ಕೆಡಿಸಿಕೊಳ್ಳಲಿಲ್ಲ. ಬೆತ್ತವನ್ನು ತೆಳ್ಳಗೆ ಸೀಳಿ, ಐದು ಲೀಟರಿಗೊಂದು ಗೀರು ಕೊರೆದು, ದಿನಾ ಬೆಳಿಗ್ಗೆ ಟ್ಯಾಂಕಿಯಲ್ಲಿ ಅದ್ದಿ ನೋಡುತ್ತಿದ್ದ. ಒದ್ದೆ ಕಡ್ಡಿಯನ್ನು ಹೆಂಡತಿಯ ಮೂಗಿಗೆ ಹಿಡಿದು ಕೇಳುತ್ತಿದ್ದ, “ಹೇಳ ನೋಡೂಣು, ಬೆಳಗಾವಿ ಮುಟ್ಟತೇನೋ ಇಲ್ಲೋ?”

“ಮುಟ್ಟತೀರಿ. ಹೊಳ್ಳಿ ಬರಾಕ ನಮ್ಮಪ್ಪನ ಎತ್ತ ಕಟ್ಟಬೇಕಾಗತೈತಿ.”

ಸಾಲಿಯ ಮೆಟ್ಟಿಲನ್ನು ಎರಡೇ ವರ್ಷ ಹತ್ತಿದ ಶಿವಲಿಂಗವ್ವ ಆ ಗೀರುಗಳನ್ನು ಮಾತ್ರ ತಪ್ಪಿಲ್ಲದೆ ಓದುತ್ತಿದ್ದಳು.

ಎರಡು ವರ್ಷದ ಹಿಂದೆ ಸನಾಉಲ್ಲಾ ಹೊಸ ಮೀಟರ್ ಹಾಕಿಕೊಟ್ಟ. ಮುಳ್ಳು ಎದ್ದು ನಿಂತಿತು. ಇನ್ನು ಕಡ್ಡಿಯ ಕೆಲಸ ಮುಗಿಯಿತು ಎಂದು ಶಿವಲಿಂಗವ್ವ ಅದನ್ನು ಕುಡುಗೋಲಿನಿಂದ ಎರಡು ತುಂಡು ಮಾಡಿ ಹಿತ್ತಲಿನ ಹೀರೇಬಳ್ಳಿಗೆ ಆಸರೆ ಕೊಟ್ಟಳು. ವಾರದ ಮೇಲೆ ಬೀಡಿ ಎಂಬ ಊರಿಗೆ ಬಾಡಿಗೆ ಬಂತು. ಈರಯ್ಯ ಹೊರಡುವಾಗ ಕೂಗಿದ, “ಕಡ್ಡಿ ತಾ ಇಲ್ಲೆ. ಹೊಸಾ ಮುಳ್ಳಿಗಿ ಒಂದ ಪರೀಕ್ಷಾ ಇಡೂಣು.”

ಕಡಿದು ಹಾಕಿದ್ದೇನೆ ಎನ್ನಲು ಅವಳಿಗೆ ನಾಚಿಕೆಯಾಯಿತು. “ಎಲ್ಲೆ ಇಟ್ಟೇನೋ ಏನೋ. ಮುಳ್ಳ ಐತೆಲ್ಲ, ಹೋಗ್ರಿ!” ಎಂದಳು. ಅವನು ನಕ್ಕು ಹೋದ.

ಬೀಡಿಯಿಂದ ಖಾಲಿ ಗಾಡಿ ತರುವಾಗ ಅದು ದಾರಿಯಲ್ಲೇ ನಿಂತಿತು. ಮುಳ್ಳು ಕಾಲು ಟ್ಯಾಂಕಿ ತೋರಿಸುತ್ತಿತ್ತು. ಪೆಟ್ರೋಲ್ ಇದೆಯೆಂದು ನಂಬಿದವನು ಬಾನೆಟ್ ತೆಗೆದು ಸುಡು ಬಿಸಿಲಲ್ಲಿ ಏನೇನೋ ಬಿಚ್ಚಿದ, ಕಟ್ಟಿದ. ಕೊನೆಗೆ ಟ್ಯಾಂಕಿ ಖಾಲಿಯೆಂದು ತಿಳಿದು, ಪೆಟ್ರೋಲ್ ತರಲು ಡಬ್ಬಿ ಹಿಡಿದು ನಡೆದ. ಎರಡು ಮೈಲಿಯ ಆಚೆ ಹೊಂಗೆಮರದ ಕೆಳಗೆ ಅವನ ಹೆಣ ಸಿಕ್ಕಿತು. ಎದೆ ಒಡೆದಿತ್ತು ಎಂದರು ಡಾಕ್ಟರು. ಡಬ್ಬಿ ಬಾಜೂಕೇ ಇತ್ತು.

ಮಣ್ಣಿಗೆ ಬಂದ ಸನಾಉಲ್ಲಾನನ್ನು ನೋಡಿ ಶಿವಲಿಂಗವ್ವ ನೆರೆದ ಮಂದಿಯೆದುರು ಕೂಗಿದ್ದಳು, “ನಿನ್ನ ಮೀಟರ್ ನನ್ನ ಗಂಡನ್ನ ತಿಂತು!” ಅವನು ತಲೆ ಬಗ್ಗಿಸಿ ಹೋದವನು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಆ ವರ್ಷ ಹೀರೇಬಳ್ಳಿ ಮೈತುಂಬ ಕಾಯಿ ಬಿಟ್ಟಿತು. ಒಂದನ್ನೂ ಬಾಯಿಗಿಡದೆ ಓಣಿಗೆಲ್ಲ ಹಂಚಿದಳು. ಬಳ್ಳಿ ಒಣಗಿದ ಮೇಲೆ ಗೀರಿದ್ದ ತುಂಡನ್ನು ಕಿತ್ತು ತೊಳೆದು ಟ್ರಂಕಿನಲ್ಲಿಟ್ಟಳು.

ಈಗ ಗಾಡಿಯನ್ನು ಬೆಳಗಾವಿಯ ರಾಮತೀರ್ಥ ನಗರದ ಅನಿಕೇತ ಕೊಳ್ಳುತ್ತಿದ್ದ. ಅವನ ತಂದೆ ಮದುಮಗನಾಗಿ ಹೋದದ್ದು ಅದೇ ಗಾಡಿಯಲ್ಲಿ. “ಮೀಟರ್ ನಡೀಲಿ ಬಿಡಲಿ, ನನಗ ನಡೀತದ ಆಯಿ,” ಎಂದಿದ್ದ ಅವನು. ಶಿವಲಿಂಗವ್ವ ಒಪ್ಪಲಿಲ್ಲ. “ಸುಳ್ಳ ಹೇಳೂ ಮುಳ್ಳ ಇಟ್ಟ ಗಾಡಿ ಕೊಡೂದುಲ್ಲ. ಸನಾಉಲ್ಲಾನ ಕಡೆ ಒಯ್ಯಿ, ನಾನೂ ಬರ್ತೇನಿ.”

ಅನಿಕೇತ ಮೊದಲೇ ಗಾಡಿ ಬಿಟ್ಟು ಹೋಗಿದ್ದ ಗ್ಯಾರೇಜಿನಲ್ಲಿ ಸನಾಉಲ್ಲಾ ಅವಳನ್ನು ಕಂಡವನೇ ಎದ್ದು ನಿಂತ. ಗಡ್ಡ ಪೂರಾ ಬೆಳ್ಳಗಾಗಿತ್ತು.

“ಬರ್ರಿ ವೈನಿ, ಕುಂದರ್ರಿ. ಆದ್ರ ಈ ಕೆಲಸ ಬ್ಯಾರೇದವರ ಕಡೆ ಮಾಡಸ್ರಿ. ಈರಯ್ಯಣ್ಣ ಹೋದ ದಿನದಿಂದ ನಾ ಪೆಟ್ರೋಲ್ ಮೀಟರಿಗಿ ಕೈ ಹಚ್ಚಿಲ್ಲ.”

“ನೀವ ಮಾಡಬೇಕ್ರಿ ಭಾಯಿ. ಅದಕ್ಕ ಬಂದೇನಿ.”

ಅವನು ಗಾಡಿಯ ಟ್ಯಾಂಕಿ ಕೆಳಗಿಳಿಸಿ ಸಾಮಾನು ತಂದಿಟ್ಟ. ಹೊಳೆಯುವ ಹೊಸ ಮೀಟರ್ ಒಂದು. ಮುರಿದು ಮಾರಿದ ಹಳೆ ಅಂಬಾಸಿಡರಿನಿಂದ ತೆಗೆದ ಮೀಟರ್, ಅದರ ಜೋಡಿಯಾಗಿ ಟ್ಯಾಂಕಿಯೊಳಗೆ ಕೂರುವ ತಂತಿ, ತಂತಿಯ ತುದಿಗೆ ಪೆಟ್ರೋಲಿನ ಮೇಲೆ ತೇಲುವ ಹಿತ್ತಾಳೆಯ ಫ್ಲೋಟ್. ಬಿಡಿ ಫ್ಲೋಟ್ ಇನ್ನೊಂದಿತ್ತು.

ಶಿವಲಿಂಗವ್ವ ಬಿಡಿ ಫ್ಲೋಟನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಈರಯ್ಯ ಕಲಿಸಿದ್ದ. ಒಳಗೆ ಚಳಕ್ ಚಳಕ್ ಎಂದಿತು.

“ಇದ ಪೆಟ್ರೋಲ್ ಕುಡದೈತಿ. ಮುಳಗತೈತಿ.”

ಹಳೆ ಜೋಡಿಯದು ಸದ್ದು ಮಾಡಲಿಲ್ಲ. ಸನಾಉಲ್ಲಾ ಅದನ್ನು ಬಿಸಿನೀರಲ್ಲಿ ಅದುಮಿ ಹಿಡಿದ. ಒಂದು ಗುಳ್ಳೆಯೂ ಏಳಲಿಲ್ಲ.

“ಇದನ್ನ ಹಾಕ್ರಿ,” ಎಂದಳು. ಆಮೇಲೆ ಹೊಳೆಯುವ ಮೀಟರಿನ ಕಡೆ ಕೈ ಮಾಡಿದಳು, “ಇದಕ್ಕ ಈ ಹೊಸಾ ಮೀಟರ್ ಜೋಡಸಿದ್ರ ಆಗೂದುಲ್ಲೇನು?”

“ಮೀಟರ್ ಮತ್ತ ಟ್ಯಾಂಕಿ ಒಳಗಿಂದು ಗಂಡ-ಹೆಂಡ್ತಿ ಇದ್ದಾಂಗ್ರಿ. ಒಂದರ ಮಾತ ಒಂದಕ್ಕ ತಿಳೀಬೇಕ.” ಅವನು ಫ್ಲೋಟನ್ನು ನೀರಿನಿಂದ ತೆಗೆದು ಒರೆಸಿದ. “ಅವತ್ತ ನಾ ಮೀಟರ್ ಅಷ್ಟ ಹೊಸಾದ ಹಾಕಿ, ಒಳಗಿಂದು ಹಳೇದ ಬಿಟ್ಟೆ. ಖಾಲಿ ಆದರೂ ಕಾಲು ತೋರಸ್ತು. ನೀವ ಅಂದದ್ದ ಖರೇ ಐತ್ರಿ ವೈನಿ. ನಾನ ತಿಂದೆ ಅಣ್ಣನ್ನ.”

ಹೊರಗೆ ಆಟೋ ಒಂದು ಹಾರ್ನ್ ಹೊಡೆಯುತ್ತ ನಿಂತಿತ್ತು. ಅದು ಹೋಗುವವರೆಗೆ ಶಿವಲಿಂಗವ್ವ ಕಾದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಚೀಲದಿಂದ ಕಡ್ಡಿ ತೆಗೆದು ಅವನ ಮುಂದಿಟ್ಟಳು.

“ಅವರ ಅವತ್ತ ಇದನ್ನ ಕೇಳಿದ್ರು ಭಾಯಿ. ನಾ ಬಳ್ಳಿಗಿ ಕಡದ ಹಾಕಿದ್ನಿ. ಎಲ್ಲೆ ಐತೋ ಗೊತ್ತಿಲ್ಲ ಅಂತ ಸುಳ್ಳ ಹೇಳಿದೆ. ಮಣ್ಣಿನ ದಿನಾ ಎಲ್ಲಾ ನಿಮ್ಮ ತಲಿ ಮ್ಯಾಲ ಹಾಕಿದೆ.”

ಸನಾಉಲ್ಲಾ ಕಡ್ಡಿಯನ್ನು ಎತ್ತಿ ಗೀರುಗಳ ಮೇಲೆ ಹೆಬ್ಬೆರಳು ಸವರಿದ. ಹೋಗಲಿ ಬಿಡ್ರಿ ಎನ್ನಲಿಲ್ಲ. “ಎರಡ ವರ್ಷ, ವೈನಿ,” ಎಂದಷ್ಟೇ ಅಂದು ಕಣ್ಣಿಗೆ ಟವಲು ಒತ್ತಿಕೊಂಡ. ಅವಳು ಅವನ ಕಾಲಿಗೆ ಬಗ್ಗಲು ಹೋದಾಗ, “ಯಾ ಅಲ್ಲಾ, ಬ್ಯಾಡ್ರಿ,” ಎಂದು ಹಿಂದೆ ಸರಿದ.

ಆಮೇಲೆ ಕೆಲಸಕ್ಕೆ ಕುಳಿತು ಹಳೆ ಜೋಡಿಯನ್ನು ಕೂರಿಸಿದ. ಕೆಳಗಿಳಿಸಿದ್ದ ಟ್ಯಾಂಕಿಗೆ ಐದು ಲೀಟರ್ ಸುರಿದು, ಕಡ್ಡಿಯನ್ನು ಒರೆಸಿ ಅವಳ ಕೈಗೇ ಕೊಟ್ಟ. ಅವಳು ಅದ್ದಿ ತೆಗೆದಳು. ಮೊದಲನೇ ಗೀರಿಗೆ ಒದ್ದೆ. ಮುಳ್ಳು ಖಾಲಿಯ ಗೆರೆಯಿಂದ ಒಂದಿಷ್ಟೇ ಮೇಲೆದ್ದಿತ್ತು. ಮತ್ತೆ ಐದು ಲೀಟರ್. ಎರಡನೇ ಗೀರು. ಮುಳ್ಳೂ ಅಷ್ಟೇ ಏರಿತು. ಕೊನೆಗೆ ಎಲ್ಲ ಪೆಟ್ರೋಲನ್ನು ಬಸಿದ ಮೇಲೆ ಮುಳ್ಳು ಪೂರಾ ಕೆಳಗೆ ಮಲಗಿತು. ಖಾಲಿಯಾದುದನ್ನು ಖಾಲಿ ಎಂದೇ ಹೇಳಿದ ಮುಳ್ಳನ್ನು ನೋಡಿ ಶಿವಲಿಂಗವ್ವನಿಗೆ ಅಳು ತಡೆಯದಾಯಿತು.

ಕಡ್ಡಿಯನ್ನು ತಾನೇ ಇಟ್ಟುಕೊಳ್ಳುತ್ತೇನೆಂದ ಸನಾಉಲ್ಲಾ. ಅವಳು ಕೊಟ್ಟಳು. ರೊಟ್ಟಿಯನ್ನೂ ಕೊಟ್ಟಳು. ಅವನು ಅರ್ಧ ಮುರಿದು ಅವಳಿಗೇ ಹೊಳ್ಳಿಸಿದ. ಇಬ್ಬರೂ ತಿಂದರು.

ಸಂಜೆ ಖಾನಾಪುರದಲ್ಲಿ ಬಸ್ಸಿಳಿದಾಗ ಕಾಯಿಪಲ್ಯದ ಮಾಯಕ್ಕ ಕರೆದಳು, “ಎಳೇ ಹೀರಿಕಾಯಿ ಅದಾವ್ರಿ ಅಮ್ಮಾರ, ಒಯ್ರಿ.”

ಶಿವಲಿಂಗವ್ವ ಒಂದನ್ನು ಎತ್ತಿ, ಉಗುರಿನಿಂದ ಸಿಪ್ಪೆ ಚಿವುಟಿ ನೋಡಿದಳು. ಎಳೆಯದೇ ಇತ್ತು. ಮೆಲ್ಲಗೆ ಮಾಯಕ್ಕನ ಬುಟ್ಟಿಗೇ ಮರಳಿ ಇಟ್ಟು, ಮನೆಯ ದಾರಿ ಹಿಡಿದಳು.