ಹೊರಗಿನಿಂದ ಹಾಕಿದ ಬೀಗ

ಕಳೆದ ವಾರ ಬ್ಯಾಡಗಿಯ ಸ್ಟೇಷನ್ ರಸ್ತೆಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಒಲೆಯ ಮುಂದಿದ್ದ ಹೆಂಗಸು ಫೋನು ಬಂತೆಂದು ಎದ್ದು ಹೊರಗೆ ಹೋಗಿದ್ದಳು. ಹಂಚಿನ ಮೇಲೆ ಬಿಟ್ಟಿದ್ದ ಜೋಳದ ರೊಟ್ಟಿ ಸೀದು, ಅದರ ಕರಕಲು ವಾಸನೆ ಒಳಗೆಲ್ಲ ತುಂಬಿತು. "ಯವ್ವಾ, ರೊಟ್ಟಿ ಹೊತ್ತೇತಿ ನೋಡ್ರಿ!" ಎಂದು ಪಕ್ಕದ ಪಂಕ್ತಿಯವರು ಕೂಗಿ ನಕ್ಕರು. ನನಗೆ ನಗು ಬರಲಿಲ್ಲ. ಮುರಿದ ತುತ್ತು ಕೈಯಲ್ಲೇ ಉಳಿಯಿತು.

ಚಿಗವ್ವ ನನಗೆ ಗೊತ್ತಿದ್ದ ಎರಡು ವರ್ಷದಲ್ಲಿ ಒಂದೇ ಒಂದು ರೊಟ್ಟಿ ಸುಟ್ಟಿದ್ದಳು. ಅದೇ ವಾಸನೆ ಇದು...

ಚಿಗವ್ವ ಎಂದರೆ ನನ್ನ ತಾಯಿಯ ತಂಗಿಯಲ್ಲ. ನಾನು ರಾಣೆಬೆನ್ನೂರಿನಲ್ಲಿ ಡಿಗ್ರಿ ಓದುವಾಗ ಇದ್ದ ಖಾಸಗಿ ಹಾಸ್ಟೆಲ್ಲಿನ ಅಡಿಗೆಯವಳು. ಮೊದಲು ಯಾರು ಹಾಗೆ ಕರೆದರೋ, ನಾವೆಲ್ಲ ಅದನ್ನೇ ಮುಂದುವರಿಸಿದೆವು. ಕೆಳಗೆ ಅಡಿಗೆಮನೆ ಮತ್ತು ಮಾಲಕರ ಆಫೀಸು, ಮೇಲೆ ಹನ್ನೆರಡು ರೂಮು, ರೂಮಿಗೆ ಇಬ್ಬರು. ಚಿಗವ್ವನ ಊರು ಮೇಡ್ಲೇರಿ. ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದಳು, ಉಳಿದ ದಿನ ಅಡಿಗೆಮನೆಯ ಹಿಂದಿನ ಕೋಣೆಯೇ ಆಕೆಯ ಮನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಉರಿಯುವ ಕೈಯಲ್ಲಿ ನನ್ನ ತಲೆ ಸವರಬಾರದೆಂದು ಮೊಣಕೈಯಿಂದ ಸವರುತ್ತಿದ್ದಳು. ನನ್ನ ಡಿಗ್ರಿಯನ್ನು ಯಾರೂ ತಂದು ಮಡಿಲಿಗೆ ಹಾಕಿದ್ದಲ್ಲ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಅದು ಎಲ್ಲಿ ಕೈತಪ್ಪೀತೋ ಎಂಬ ಹೆದರಿಕೆ ನನ್ನಿಂದ ಏನೇನು ಮಾಡಿಸಿತು ಎಂಬುದನ್ನೂ ಹೇಳಬೇಕಲ್ಲ.

ಚಿಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಎಲ್ಲರ ತಾಟಿನ ಹಿಂದೆ ಮೊಳೆಯಿಂದ ಒಂದೊಂದು ಗುರುತು ಕೊರೆದಿದ್ದಳು. ನನ್ನದಕ್ಕೆ ಮೆಣಸಿನಕಾಯಿ. ನನ್ನ ರೂಮಿನ ಗೆಳೆಯ ಕಬಡ್ಡಿ ಆಡುವವನಾದ್ದರಿಂದ ಅವನದಕ್ಕೆ ಒಂದು ಕಾಲು. ತಾಟುಗಳೆಲ್ಲ ಗೋಡೆಯ ಹಲಗೆಯ ಮೇಲೆ ಬೋರಲು ಬಿದ್ದಿರುತ್ತಿದ್ದವು. ಊಟದ ಹೊತ್ತು ಮುಗಿದ ಮೇಲೂ ಯಾರ ತಾಟು ಬೋರಲಾಗಿಯೇ ಇದೆ ಎಂದು ನೋಡಿ, ಮೆಟ್ಟಿಲ ಕೆಳಗೆ ನಿಂತು ಒದರುತ್ತಿದ್ದಳು: "ಏ ಭಾಡ್ಯಾ, ಯಾವ ದೇವರಿಗೆ ಉಪಾಸ ಹಿಡದೀದಿ? ಇಳದು ಬಾ, ಇಲ್ಲಂದ್ರ ನಾನ ಹತ್ತಿ ಬರ್ತೇನಿ!" ನಮಗೆ ಅದು ಕಿರಿಕಿರಿ ಅನ್ನಿಸುತ್ತಿತ್ತು.

ಗೆಳೆಯ ಮೋಟೆಬೆನ್ನೂರಿನವನು. ಆಟದಲ್ಲಿ ಬೆನ್ನಿಗೆ ಪೆಟ್ಟಾಗಿ, ಡಾಕ್ಟರು ಕೆಲವು ದಿನದ ಮಟ್ಟಿಗೆ ನೋವಿನ ಗುಳಿಗೆ ಬರೆದುಕೊಟ್ಟಿದ್ದರು. ನೋವು ಹೋಯಿತು, ಗುಳಿಗೆ ಹೋಗಲಿಲ್ಲ. ಚೀಟಿಯಿಲ್ಲದೆ ತಂದುಕೊಡುವವರೂ ಸಿಕ್ಕರು. ಅವು ಅಫೀಮಿನ ಜಾತಿಯವು ಎಂಬುದು ನನಗಾಗ ಗೊತ್ತಿರಲಿಲ್ಲ. ತೆಗೆದುಕೊಂಡಾಗ ಅವನು ಮೈ ತುರಿಸಿಕೊಳ್ಳುತ್ತ, ಸಣ್ಣಗೆ ನಗುತ್ತ, ಕೂತಲ್ಲೇ ತೂಕಡಿಸುತ್ತಿದ್ದ. "ನಾ ಏನ್ ಸೆರೆ ಕುಡಿಯಾಕತ್ತೇನೇನೋ? ಔಷಧ ಐತಿ ಇದು" ಎನ್ನುತ್ತಿದ್ದ. ನಾನೂ ಹೌದೆಂದುಕೊಂಡೆ. ಡಾಕ್ಟರು ಬರೆದ ಗುಳಿಗೆಯೇ ಜೀವ ತೆಗೆದೀತು ಎಂದು ನನಗೆ ಹೊಳೆಯಲಿಲ್ಲ.

ಮಾಲಕರದೊಂದು ನಿಯಮವಿತ್ತು. ಹಗಲು ಯಾರೂ ರೂಮಿನಲ್ಲಿ ಇರಕೂಡದು, ಕಾಲೇಜಿಗೆ ಹೋಗಲೇಬೇಕು. ಹನ್ನೊಂದಕ್ಕೆ ಅವರು ಮೇಲೆ ಬಂದು ಹನ್ನೆರಡೂ ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ಸಿಕ್ಕಿಬಿದ್ದವನ ಮನೆಗೆ ಫೋನು. ಇದಕ್ಕೆ ನಾವು ಕಂಡುಕೊಂಡಿದ್ದ ಉಪಾಯ ಸರಳವಾಗಿತ್ತು: ಒಳಗೆ ಮಲಗುವವನು ಮಲಗಲಿ, ಜೊತೆಗಾರ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಲಿ. ಜ್ವರ ಬಂದವನಿಗೂ ಅದೇ, ಸೋಮಾರಿಗೂ ಅದೇ. ಇದನ್ನು ನಾವು ಗೆಳೆತನದ ಉಪಕಾರ ಎಂದೇ ತಿಳಿದಿದ್ದೆವು.

ಆ ದಿನ ನನಗೆ ಇಂಟರ್ನಲ್ ಪರೀಕ್ಷೆ. ಗೆಳೆಯ ಬೆಳಿಗ್ಗೆಯೇ ಗುಳಿಗೆ ನುಂಗಿ ಮಲಗಿದ್ದ. ಎಬ್ಬಿಸಿದರೆ "ಹೂಂ" ಅಂದ, ಮತ್ತೆ ಗೊರಕೆ ಹೊಡೆದ. ದೊಡ್ಡ ಗೊರಕೆ, ನಡುವೆ ತಡೆದು ತಡೆದು ಬರುವಂಥದ್ದು. ಇಷ್ಟು ಗೊರಕೆ ಹೊಡೆಯುತ್ತಾನೆಂದರೆ ಒಳ್ಳೆಯ ನಿದ್ದೆಯೇ ಬಂದಿದೆ ಎಂದುಕೊಂಡೆ. ಬೀಗ ಹಾಕಿ, ಕೀಲಿಕೈ ಅಂಗಿಯ ಕಿಸೆಗೆ ಹಾಕಿಕೊಂಡು ಹೋದೆ. ಹೋಗುವಾಗ ಬಾಗಿಲು ಎಳೆದು ಬೀಗ ಗಟ್ಟಿಯಾಗಿ ಬಿದ್ದಿದೆಯೇ ಎಂದೂ ನೋಡಿದೆ.

ಎರಡಕ್ಕೆ ವಾಪಸ್ಸು ಬಂದು ಸೀದಾ ಊಟಕ್ಕೆ ಕೂತೆ. ಚಿಗವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಎಲ್ಲಿ ಅದಾನ ನಿನ್ನ ಜೋಡಿ?"

"ಊರಿಗೆ ಹೋಗ್ಯಾನ, ಚಿಗವ್ವ."

"ಹೌದಾ? ಮೋಟೆಬೆನ್ನೂರಿಗೆ ಬರಿಗಾಲಿಲೆ ಹೋಗ್ಯಾನೇನು? ಚಪ್ಪಲಿ ಇಲ್ಲೇ ಮೆಟ್ಟಲದಾಗ ಬಿದ್ದಾವಲ್ಲ."

ಸುತ್ತಲಿದ್ದವರು ನಕ್ಕರು. "ಹರಕಿ ಹೊತ್ತಿರಬೇಕು ಬಿಡ ಚಿಗವ್ವ" ಎಂದ ಒಬ್ಬ. ಆಕೆ ನಗಲಿಲ್ಲ. "ನಿನ್ನೆ ರಾತ್ರಿನೂ ಉಂಡಿಲ್ಲ ಅಂವ. ಕೀಲಿಕೈ ತಾ ಇಲ್ಲೆ" ಎಂದಳು. ಆಫೀಸಿನಲ್ಲಿ ಮಾಲಕರಿದ್ದರು. "ನನ್ನ ಹತ್ರ ಇಲ್ಲ" ಎಂದೆ. ಆಕೆ ಹಿಟ್ಟಿನ ಕೈಯಲ್ಲೇ ಎದ್ದಳು. ಹಂಚಿನ ಮೇಲೆ ರೊಟ್ಟಿ ಇತ್ತು. ಆ ಬೊಜ್ಜಿನ ದೇಹ ಅಷ್ಟು ಜೋರಾಗಿ ಮೆಟ್ಟಿಲು ಹತ್ತಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹಿಂದೆಯೇ ಓಡಿದೆ.

ಬಾಗಿಲಿಗೆ ಕಿವಿ ಹಚ್ಚಿ ನಿಂತಳು. ಒಳಗಿನಿಂದ ಒಂದು ಎಳೆತ ಕೇಳಿಸಿತು. ಆಮೇಲೆ ಏನೂ ಇಲ್ಲ... ಬಹಳ ಹೊತ್ತಿನ ಮೇಲೆ ಇನ್ನೊಂದು.

"ಇದು ನಿದ್ದಿ ಗೊರಕಿ ಅಲ್ಲೋ! ನಮ್ಮವ್ವ ಜೀವಾ ಬಿಡಾಗ ಹಿಂಗ ಎಳೀತಿದ್ಲು. ತಗಿ ಬಾಗಲಾ!" ಎಂದವಳೇ ನನ್ನ ಕಿಸೆಗೆ ಕೈ ಹಾಕಿ ಕೀಲಿಕೈ ಕಿತ್ತುಕೊಂಡಳು. ನನ್ನ ಅಂಗಿಗೆ ಹಿಟ್ಟು ಮೆತ್ತಿತು.

ಅವನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಉಗುರುಗಳೂ ಹಾಗೆಯೇ. ಎಲ್ಲರೂ ಮೇಲೆ ಬಂದು ಮುತ್ತಿಕೊಂಡರು. ಒಬ್ಬ ಉಳ್ಳಾಗಡ್ಡಿ ಮೂಸಿಸಿರಿ ಎಂದ. ಇನ್ನೊಬ್ಬ ಲಿಂಬೆಹುಳಿಯ ನೀರು ತಂದು ಬಾಯಿಗೆ ಸುರಿಯಲು ಹೋದ. ಚಿಗವ್ವ ಮೊಣಕೈಯಿಂದ ತಂಬಿಗೆ ಬೀಳಿಸಿದಳು. "ಉಸರ ಎಳಿಯಾಕ ಆಗವಲ್ದು, ನೀರು ನುಂಗ್ತಾನೇನು? ಸರೀರಿ ಆಕಡೆ!" ಹಸುಗೂಸನ್ನು ತಿರುಗಿಸುವಂತೆ ಅವನನ್ನು ಮಗ್ಗುಲಿಗೆ ಹೊರಳಿಸಿ, ಗದ್ದ ಮೇಲಕ್ಕೆತ್ತಿ ಹಿಡಿದಳು.

ಅಷ್ಟರಲ್ಲಿ ಮಾಲಕರು ಬಂದರು. ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದ ಹುಡುಗನೊಬ್ಬನ ಕೈ ಹಿಡಿದರು. "ಆಂಬುಲೆನ್ಸ್ ಬ್ಯಾಡ. ಪೊಲೀಸರು ಬರ್ತಾರ, ಹಾಸ್ಟೆಲ್ ಹೆಸರು ಕೆಡತೈತಿ. ನಮ್ಮ ಪರಿಚಯದ ಡಾಕ್ಟರಿಗೆ ಹೇಳ್ತೇನಿ, ಸಂಜೀಗೆ ಬರ್ತಾರ."

"ಸಂಜೀತನಾ ಇಂವ ಇರ್ತಾನಂತ ಬರದು ಕೊಡ್ತೀರೇನ್ರಿ ಸಾವಕಾರ್ರ?"

"ನೀ ಅಡಿಗಿ ನೋಡ್ಕೋ ಹೋಗು."

"ಅಡಿಗಿ ಆಗಲೇ ಸುಟ್ಟು ಹೋಗೇತ್ರಿ."

ಖರೇ, ಕೆಳಗಿನಿಂದ ಕರಕಲು ವಾಸನೆ ಬರುತ್ತಿತ್ತು. ಆಕೆ ಇಬ್ಬರು ಹುಡುಗರಿಗೆ ಅವನ ಕಾಲು ಹಿಡಿಯಲು ಹೇಳಿ, ತಾನು ತಲೆ ಹಿಡಿದು ಕೆಳಗಿಳಿದಳು. ನಡುರಸ್ತೆಯಲ್ಲಿ ನಿಂತು, ಬರುತ್ತಿದ್ದ ಟಂಟಂ ಆಟೋ ಒಂದನ್ನು ತಡೆದಳು. ಅದರಲ್ಲಿದ್ದವರನ್ನೆಲ್ಲ ಇಳಿಸಿದಳು. ದಾರಿಯುದ್ದಕ್ಕೂ ಅವನ ಕೆನ್ನೆಗೆ ತಟ್ಟುತ್ತ ಒದರುತ್ತಿದ್ದಳು: "ಎಳಿ ಉಸರ! ಎಳಿ ಮಗನ! ಏ ಮೂಳ, ಎಳಿ ಅಂದ್ರ!" ಆಕೆ ಒದರಿದಾಗೊಮ್ಮೆ ಅವನು ಎಳೆಯುತ್ತಿದ್ದ. ಸುಮ್ಮನಾದರೆ ಅವನೂ ಸುಮ್ಮನಾಗುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ ಕೇಳಿದರು, "ಏನು ತಗೊಂಡಾನ?" ನನಗೆ ಗೊತ್ತಿತ್ತು. ಪೊಲೀಸು, ಪ್ರಿನ್ಸಿಪಾಲರು, ಮಾರ್ಕೆಟ್ಟಿನಲ್ಲಿ ಚೀಲ ಹೊತ್ತ ಅಪ್ಪ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. "ಗೊತ್ತಿಲ್ರಿ ಸರ್. ಬಿಸಿಲಾಗ ಆಡಿ ಬಂದು ಮಲಗಿದ್ದ" ಎಂದೆ. ಮೂರನೆಯ ಸುಳ್ಳು.

ಚಿಗವ್ವ ನನ್ನನ್ನು ಒಮ್ಮೆ ನೋಡಿದಳು. ಸೆರಗಿನ ಗಂಟು ಬಿಚ್ಚಿ, ಖಾಲಿ ಗುಳಿಗೆ ಪಟ್ಟಿಯನ್ನು ಡಾಕ್ಟರ ಕೈಗಿಟ್ಟಳು. "ಹಾಸಿಗಿ ಬುಡಕ ಇತ್ತ್ರಿ." ಅವರು ನೋಡಿದವರೇ ನರ್ಸನ್ನು ಕೂಗಿ ಇಂಜೆಕ್ಷನ್ ತರಿಸಿದರು, ಮೂಗು-ಬಾಯಿಗೆ ರಬ್ಬರ್ ಚೀಲವಿದ್ದ ಮುಖವಾಡ ಒತ್ತಿ, ಚೀಲ ಹಿಸುಕಿ ಉಸಿರು ತುಂಬಿದರು. ಕೆಲವೇ ನಿಮಿಷ. ನೀರಿನಿಂದ ಮೇಲೆದ್ದವನಂತೆ ಅವನು ಉಸಿರೆಳೆದು ಕಣ್ಣುಬಿಟ್ಟ. ಅಷ್ಟು ಸಣ್ಣ ಸೀಸೆಯ ಔಷಧ... ನಾಲೋಕ್ಸೋನ್ ಎಂಬ ಅದರ ಹೆಸರನ್ನು ನಾನು ಕಲಿತದ್ದು ಎಷ್ಟೋ ವರ್ಷದ ಮೇಲೆ.

"ಇದರ ಜೋರು ಇಳಿದ ಮ್ಯಾಲೆ ಮತ್ತ ಮಂಪರು ಹತ್ತಬಹುದು, ಇಲ್ಲೇ ಇರ್ಲಿ" ಎಂದ ಡಾಕ್ಟರು, "ಮನಿಯವರಿಗೆ ಖರೇ ಹೇಳ್ರಿ" ಎಂದೂ ಹೇಳಿದರು.

ಹೊರಗಿನ ಬೆಂಚಿನ ಮೇಲೆ ಚಿಗವ್ವ ಕೈಯ ಒಣಹಿಟ್ಟನ್ನು ಕೆರೆದುಕೊಳ್ಳುತ್ತ ಕೂತಿದ್ದಳು. "ಕೀಲಿ ಹಾಕಿ ಹೋದಿಯಲ್ಲ, ಯಾಕ?" ಎಂದಳು.

"ಪರೀಕ್ಷೆ ಇತ್ತು ಚಿಗವ್ವ."

"ಪಾಸ್ ಆಗ್ತೀಯೇನು?"

"ಹೂಂ."

"ಆಗು" ಎಂದಳು.

ವಾರದೊಳಗೆ ಮಾಲಕರು ಆಕೆಯನ್ನು ಕೆಲಸದಿಂದ ಬಿಡಿಸಿದರು. ನಡುಬೀದಿಯಲ್ಲಿ ಹಾಸ್ಟೆಲ್ಲಿನ ಮಾನ ಕಳೆದಳು ಎಂಬುದು ಕಾರಣ. ಇಪ್ಪತ್ತಕ್ಕೂ ಮೇಲೆ ಹುಡುಗರಿದ್ದೆವು, ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನು ಆಕೆಯ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿನ ತನಕ ಹೋದೆ. ಮೇಡ್ಲೇರಿ ಬಸ್ಸಿನ ಕಿಟಕಿಯಿಂದ ತಲೆ ಹಾಕಿ, "ಆ ಹುಡುಗನ ಅಪ್ಪಗ ಹೇಳು. ನೀನ ಹೇಳು, ಮತ್ತೊಬ್ಬರ ಮ್ಯಾಲೆ ಹಾಕಬ್ಯಾಡ" ಎಂದಳು. ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಬಿಸಿಲ ಝಳ ಬಡಿದದ್ದು ಎಂದು ಮಾಲಕರು ಹೇಳಿದ್ದನ್ನೇ ನಾನೂ ಹೇಳಿದೆ. ಆ ತಂದೆ ನನ್ನ ಎರಡೂ ಕೈ ಹಿಡಿದುಕೊಂಡು, "ನೀ ಇದ್ದಿ ಅಂತ ನಮ್ಮ ಹುಡುಗ ಉಳಿದ ತಮ್ಮಾ" ಎಂದರು.

ಗೆಳೆಯ ಒಂದೂವರೆ ತಿಂಗಳು ಊರಲ್ಲಿದ್ದು ಮರಳಿ ಬಂದ. ಮೈ ತುಂಬಿಕೊಂಡಿದ್ದ. ಅಂತಿಮ ಪರೀಕ್ಷೆ ಹತ್ತಿರ ಬಂದಿತ್ತು. ನಾನು ಓದಿನ ನೆಪ ಹೇಳಿ ಬೇರೆ ಕಡೆ ರೂಮು ಮಾಡಿದೆ. ಇದ್ದದ್ದು ಓದಿನ ಚಿಂತೆಯಲ್ಲ, ಅವನ ಜೊತೆ ನನ್ನ ಹೆಸರೂ ಕೆಟ್ಟೀತೆಂಬ ಚಿಂತೆ. ಬಿಟ್ಟ ಮೇಲೆ ಮೈ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ, ಮೊದಲು ತಿಂದಷ್ಟೇ ತಿಂದರೂ ಸಾವೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವವರಿಗೂ ಗೊತ್ತಿರಲಿಲ್ಲ. ಒಂದು ದಿನ ಅವನು ಮತ್ತೆ ಮೊದಲಿನಷ್ಟೇ ಗುಳಿಗೆ ನುಂಗಿ ಮಲಗಿದ. ಹೊಸ ಜೊತೆಗಾರ ನಮ್ಮ ಉಪಾಯದಂತೆಯೇ ಬೀಗ ಹಾಕಿ ಕಾಲೇಜಿಗೆ ಹೋಗಿದ್ದ. ಹೊಸ ಅಡಿಗೆಯವರು ಬಂದವರಿಗೆ ಬಡಿಸಿ, ಬಾರದವರನ್ನು ಕೇಳದೆ, ಪಾತ್ರೆ ತೊಳೆದಿಟ್ಟಿದ್ದರು. ಐದು ಗಂಟೆಗೆ ಬಾಗಿಲು ತೆರೆದಾಗ ಗೊರಕೆಯೂ ಇರಲಿಲ್ಲ.

ಹಾರ್ಟ್ ಅಟ್ಯಾಕ್ ಎಂದರು. ಮಣ್ಣಿಗೆ ಹೋಗಿ ಬಂದೆ. ಆ ವರ್ಷ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ.

ಈಗ ಹಾವೇರಿಯಲ್ಲಿ ಲೆಕ್ಚರರ್ ಆಗಿದ್ದೇನೆ, ಹುಡುಗರ ಹಾಸ್ಟೆಲ್ಲಿನ ಕಮಿಟಿಯಲ್ಲೂ ಇದ್ದೇನೆ. ಈ ತಿಂಗಳ ಸಭೆಯಲ್ಲಿ ಮತ್ತೊಮ್ಮೆ ಬೇಡಿಕೊಂಡೆ: ಆ ಇಂಜೆಕ್ಷನ್ ಇಡಿಸಿ, ಕೊಡಲು ಬಲ್ಲ ನರ್ಸೊಬ್ಬರನ್ನು ಗೊತ್ತುಮಾಡೋಣ, ಉಸಿರು ನಿಲ್ಲುವ ಗೊರಕೆ ಹೇಗಿರುತ್ತದೆ, ಆಂಬುಲೆನ್ಸ್ ಬರುವ ತನಕ ಏನು ಮಾಡಬೇಕು ಎಂದು ಹುಡುಗರಿಗೆ ಕಲಿಸೋಣ, ಎಲ್ಲಕ್ಕಿಂತ ಮುಖ್ಯ, ಗೆಳೆಯನಿಗಾಗಿ ಸಹಾಯ ಕೇಳಿದವನನ್ನು ಹಾಸ್ಟೆಲ್ಲಿನಿಂದ ತೆಗೆಯುವುದಿಲ್ಲ ಎಂದು ಬರೆದು ಗೋಡೆಗೆ ಹಚ್ಚೋಣ.

"ಸರ್, ಆ ಔಷಧ ಇಟ್ರ ನಮ್ಮಲ್ಲಿ ಆ ಚಟ ಐತಿ ಅಂತ ನಾವ ಒಪ್ಪಿಕೊಂಡಂಗ ಆತಲ್ರಿ?" ಎಂದರು ಹಿರಿಯರೊಬ್ಬರು.

"ಬೆಂಕಿ ಆರಿಸೋ ಸಿಲಿಂಡರ್ ಗ್ವಾಡಿಗೆ ತೂಗು ಹಾಕೀವಲ್ರಿ, ಹಂಗಂತ ನಾವೇನು ಬೆಂಕಿ ಹಚ್ಚಾವರೇನ್ರಿ?"

ನಕ್ಕರು. ಚಹಾ ಬಂತು. ಗೇಟಿನ ಮೇಲೆ 'ವ್ಯಸನಮುಕ್ತ ಆವರಣ' ಎಂದು ದೊಡ್ಡ ಬೋರ್ಡು ಬರೆಸುವುದೆಂದು ತೀರ್ಮಾನವಾಯಿತು. ಅಕ್ಷರ ಯಾವ ಬಣ್ಣದಲ್ಲಿರಬೇಕು ಎಂಬುದರ ಮೇಲೆ ಅರ್ಧ ತಾಸು ಚರ್ಚೆ. ಮೂರು ವರ್ಷದಿಂದ ಇದೇ ಹಾಡು. ನನಗೆ ಮಾತಾಡಿ ಮಾತಾಡಿ ಸಾಕಾಗಿದೆ. ಅವರ ಮೇಲೆ ಸಿಟ್ಟು ಬರುತ್ತದೆ. ಆಮೇಲೆ, ಅಂದು ನಾನು ಹೆಸರಿಗೆ ಹೆದರಿ ಹೇಳಿದ ಸುಳ್ಳನ್ನೇ ತಾನೆ ಇವರು ಕುರ್ಚಿಯ ಮೇಲೆ ಕೂತು ಹೇಳುತ್ತಿದ್ದಾರೆ ಎನ್ನಿಸಿ, ಆ ಸಿಟ್ಟು ಯಾರ ಮೇಲೆ ಇಡಬೇಕೆಂದು ತಿಳಿಯುವುದಿಲ್ಲ.

ಆ ಖಾನಾವಳಿಯಲ್ಲಿ ಉಣ್ಣದೆ ಎದ್ದವನು ಮರುದಿನ ಮೇಡ್ಲೇರಿಗೆ ಹೋದೆ. ಇಷ್ಟು ವರ್ಷ ಹೋಗಿರಲಿಲ್ಲ. ಚಿಗವ್ವ ತೀರಿಕೊಂಡು ಎರಡು ವರ್ಷವಾಯಿತು ಎಂದು ಆಕೆಯ ಮಗ ಹೇಳಿದ. ನಾನು ಯಾರೆಂದು ತಿಳಿದ ಮೇಲೆ ಒಳಗೆ ಕರೆದು ಚಾಪೆ ಹಾಸಿದ. ಅವನ ಮುಖ ಅರಳಿತು.

"ನಮ್ಮವ್ವ ಎಲ್ಲಾರ ಮುಂದೂ ಹೇಳ್ತಿದ್ಲರಿ. ರಾಣೆಬೆನ್ನೂರಾಗ ಒಬ್ಬ ಹುಡುಗನ್ನ ಉಳಿಸೇನಿ, ಈಗ ಅವಗ ಲಗ್ನಾಗಿ ಮಕ್ಕಳಾಗಿರಬೇಕು ಅಂತ. ಎಲ್ಲಿ ಅದಾನ್ರಿ ಅಂವ ಈಗ?"

ಈ ಸಲ ಖರೇ ಹೇಳಿದೆ. ಬೀಗದಿಂದ ಹಿಡಿದು, ಗೆಳೆಯನ ಅಪ್ಪನ ಮುಂದೆ ನುಂಗಿಕೊಂಡ ಮಾತಿನ ತನಕ, ಎಲ್ಲ. ಅವನು ಎದ್ದು ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟ. ಆಮೇಲೆ ನನಗೇ ಸಮಾಧಾನ ಹೇಳುವವನಂತೆ ಅಂದ, "ಆಕಿಗೆ ಗೊತ್ತಾಗದ ಹೋದ್ಲಲ್ರಿ, ಅಷ್ಟ ಚಲೋ ಆತು ಬಿಡ್ರಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ತಲೆಯಾಡಿಸಿದೆ, ಆದರೆ ಅದು ಚಲೋ ಆಗಲಿಲ್ಲ. ಗೊತ್ತಾಗಿದ್ದರೆ ಚಿಗವ್ವ ಮುಂದಿನ ಬಸ್ಸಿಗೇ ಬರುತ್ತಿದ್ದಳು. ಆ ತಂದೆಯ ಮನೆಗೂ ಹೋಗುತ್ತಿದ್ದಳು, ನನ್ನನ್ನೂ ಹುಡುಕಿ ತೆಗೆದು, ಹತ್ತು ಮಂದಿಯ ಎದುರು ಕಪಾಳಕ್ಕೆ ಬಾರಿಸುತ್ತಿದ್ದಳು. ಆ ಏಟು ನನಗೆ ಸಲ್ಲಬೇಕಾದದ್ದು. ಕೊಡುವ ಹಕ್ಕಿದ್ದವಳು ಆಕೆಯೊಬ್ಬಳೇ ಇದ್ದಳು... ಆಕೆ, ನಾನು ಆ ತಂದೆಗೆ ಖರೇ ಹೇಳಿದೆನೆಂದು ನಂಬಿಯೇ ಹೋಗಿಬಿಟ್ಟಳು.