ಎಲೆ ಅಡಿಕೆ ಕೊಟ್ಟವರ ಹೆಸರು

ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದಾಗ ನಾನು ಯಳಂದೂರಿನಲ್ಲಿ ತಹಶೀಲ್ದಾರಳಾಗಿದ್ದೆ. ತಹಶೀಲ್ದಾರರೆಂದರೆ ಪಹಣಿ, ಪೋಡಿಯಂಥ ಜಮೀನಿನ ಕೆಲಸ ಅಷ್ಟೇ ಅಂದುಕೊಂಡವರೇ ಹೆಚ್ಚು. ನಾವು ತಾಲ್ಲೂಕು ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರೂ ಹೌದು. ಶಾಂತಿ ಕದಡಬಹುದೆಂದು ಪೊಲೀಸರು ಹಿಡಿದು ತಂದವರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದೋ, ಒಳಗೆ ಕಳಿಸುವುದೋ, ಬಿಡುವುದೋ ನಮ್ಮ ಕೈಯಲ್ಲಿರುತ್ತದೆ.

ಆ ಬೇಸಿಗೆಯಲ್ಲಿ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ರಾತ್ರಿ ದೀಪ ಆರಿಸಬೇಕೆಂಬ ಆದೇಶ ನಮಗೂ ಬಂತು. ಹೊನ್ನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅದನ್ನು ತಮಟೆ ಬಡಿದು ಸಾರಿದವನು, ಅಪ್ಪನ ಕಾಲದಿಂದ ಊರಿನ ಡಂಗುರ ಸಾರುತ್ತಿದ್ದ ಮಾದಯ್ಯ. ಸರ್ಕಾರದ ಮಾತು ಮುಗಿಸಿ ಇನ್ನೊಂದನ್ನೂ ಸಾರಿದ: "ಯುದ್ಧ ಬ್ಯಾಡ ಅನ್ನೋರು ನಾಳೆ ಸಂಜೆ ಅರಳಿಕಟ್ಟೆ ತಾವ್ಕೆ ಬನ್ರಪ್ಪೋ!" ಊರಿನ ಕೆಲವು ಹೆಂಗಸರು, ಸಾರುವವನಿಗೆ ವಾಡಿಕೆಯಂತೆ ಕೊಡಬೇಕಾದ ಎಲೆ ಅಡಿಕೆ ಕೊಟ್ಟು ಅದನ್ನು ಸಾರಿಸಿದ್ದರು.

ಆ ಭಾಗದ ಮುಖಂಡರೊಬ್ಬರು ಕೆಂಡಾಮಂಡಲವಾದರು. ಮರುದಿನ ಬೆಳಿಗ್ಗೆ ಪೊಲೀಸರು ಮಾದಯ್ಯನನ್ನು ನನ್ನ ಮುಂದೆ ತಂದು ನಿಲ್ಲಿಸಿದರು.

"ಸಾರಿಸಿದ ಹೆಂಗಸರ ಹೆಸರು ಹೇಳಿಬಿಡ್ಲಿ ಮೇಡಂ, ಇವನನ್ನ ಬಿಟ್ಟುಬಿಡ್ತೀವಿ" ಎಂದರು ಸಬ್ ಇನ್‌ಸ್ಪೆಕ್ಟರ್. ನನಗೆ ಮೈಯೆಲ್ಲ ಉರಿಯಿತು. ಹೆಸರು ಸಿಕ್ಕಿದ್ದರೆ ಜೀಪು ನೇರವಾಗಿ ಅವರ ಮನೆ ಬಾಗಿಲಿಗೆ ಹೋಗುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮಾದಯ್ಯ ಅಂದ: "ಎಲೆ ಅಡ್ಕೆ ಯಾರ್ ಕೊಟ್ರೂ ಸಾರ್ಬೇಕು ಕಣವ್ವ. ಕೊಟ್ಟೋರ ಎಸ್ರ ಏಳಾಕಿಲ್ಲ. ನಮ್ಮಪ್ಪನೂ ಏಳ್ನಿಲ್ಲ. ಜೈಲಿಗೆ ಓಯ್ತೀನಿ ಬುಡಿ."

ಅಷ್ಟರಲ್ಲಿ ಮುಖಂಡರ ಫೋನ್ ಬಂತು.

"ಯುದ್ಧ ನಡೀತಾ ಅದೆ ಮೇಡಮ್ನೋರೆ. ಇಂಥವನ್ನ ಒಳಗಾಕಿ."

"ಕಟ್ಟೆ ಮೇಲೆ ಕೂತು ಮಾತಾಡೋದು ಯಾವ ಕಾನೂನಲ್ಲಿ ತಪ್ಪು ಹೇಳಿ ಸಾರ್, ಈಗಲೇ ಹಾಕ್ತೀನಿ."

"ಬೀದರ್‌ಗೆ ಓಗ್ಬೇಕಾಯ್ತದೆ."

"ಹೋಗ್ತೀನಿ. ಅಲ್ಲೂ ಇದೇ ಸಂವಿಧಾನ."

ಯುದ್ಧ ಬೇಡ ಎನ್ನುವುದು ಶಾಂತಿಭಂಗವಲ್ಲ ಎಂದು ಆದೇಶ ಬರೆಸಿ, ಮುಚ್ಚಳಿಕೆಯಿಲ್ಲದೆ ಬಿಟ್ಟೆ. ಆಸಾಮಿ ಬಾಗಿಲ ತನಕ ಹೋಗಿ ತಿರುಗಿ ನಿಂತ.

"ಸಂಜೆ ಸಭೆ ಅದೆ ಕಣವ್ವ. ಇನ್ನೊಂದ್ ದಪ ಸಾರ್ಲಾ?"

"ಸಾರಪ್ಪಾ, ಜೋರಾಗಿ ಸಾರು" ಅಂದೆ.

ವರ್ಗಾವಣೆ ಬಂದೇ ಬಂತು. ಬೀದರ್‌ನಲ್ಲೇ ನಿವೃತ್ತಳಾದೆ, ಎಳ್ಳಷ್ಟೂ ಬೇಸರವಿಲ್ಲ. ಯುದ್ಧ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ನನ್ನನ್ನು ಯಾರೂ ಕೇಳಲಿಲ್ಲ. ಅದರ ಹೆಸರಿನಲ್ಲಿ ಒಬ್ಬ ಬಡವನ ಬಾಯಿ ಮುಚ್ಚಿಸಲು ಮಾತ್ರ ನನ್ನ ಹತ್ತಿರ ಬಂದರು. ಈಗ ಕೆಲಸಕ್ಕೆ ಸೇರುತ್ತಿರುವವರಿಗೆ ನಾನು ಹೇಳುವುದು ಇಷ್ಟೇ. ಎಷ್ಟೇ ದೊಡ್ಡವರಾಗಲಿ, ದಬ್ಬಾಳಿಕೆ ಮಾಡಲು ಅವರಿಗೆ ಕೊನೆಗೆ ನಮ್ಮಂಥವರ ಒಂದು ಸಹಿ ಬೇಕಾಗುತ್ತದೆ. ಹಾಕಬೇಡಿ.